ಡ್ಯಾಶ್‌ಬೋರ್ಡಿನ ಕೆಳಗಿನ ಕಪ್ಪು ವೈರು

ಅವತ್ತು ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಉಪ್ಪಿಟ್ಟು ಮಾಡಿದೆ. ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ, ಸೇವಂತಿಗೆ, ವೀಳ್ಯದೆಲೆ ತಂದೆ. ಮಗಳ ಹಸಿರು ಸೀರೆಗೆ ಇಸ್ತ್ರಿ ಹಾಕಿಸಿದೆ. ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬಿಟ್ಟೆ. ಮಧ್ಯಾಹ್ನ ಹುರುಳಿಕಾಯಿ ಪಲ್ಯ ತಳ ಹಿಡಿಯಿತು; ಹೊಗೆ ಕಣ್ಣಿಗೆ ಬಿದ್ದ ಮೇಲೇ ನನಗೆ ಗೊತ್ತಾಗಿದ್ದು. ಸಂಜೆ ಹೂ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ನಮ್ಮೆಜಮಾನರಿಗೆ ಕೈಜೋಡಿಸಲು ಕಾರಿನ ಹತ್ತಿರ ಹೋದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅದು ಬೇರೆ ದಿನಗಳಂಥದ್ದೇ ಒಂದು ದಿನ. ನಾನೂ ಇಂಥ ಕಥೆಗಳನ್ನು ನಂಬುವವಳಲ್ಲ. ಸತ್ತವರು ಹೀಗೆ ಬಂದರು, ಹಾಗೆ ಕರೆದರು ಎಂದು ಯಾರಾದರೂ ಹೇಳಿದರೆ ‘ಹೌದಾ’ ಎಂದು ಕೇಳಿಸಿಕೊಂಡು, ಕಾಫಿ ಕೊಟ್ಟು ಕಳಿಸುತ್ತಿದ್ದೆ. ಈಗ ಅದೇ ‘ಹೌದಾ’ವನ್ನು ನೀವು ನನಗೆ ಹೇಳಬಹುದು. ಬೇಜಾರಿಲ್ಲ.

ಮರುದಿನ ವಸಂತಪುರದ ಒಂದು ಚಿಕ್ಕ ಹಾಲ್‌ನಲ್ಲಿ ಮಗಳು ವಿದ್ಯಾಳ ಸೀಮಂತವಿತ್ತು. ತಾತನ ಕಾರಿನಲ್ಲೇ ಹೋಗಬೇಕು ಎನ್ನುವುದು ಅವಳ ಬಸುರಿ ಬಯಕೆ. ನಮ್ಮ ಮಾವನವರದು ಸ್ಟೇರಿಂಗ್ ಪಕ್ಕದಲ್ಲೇ ಗೇರು ಇರುವ, ಬೆಣ್ಣೆ ಬಣ್ಣದ ಹಳೇ ಕಾರು. ಅವಳನ್ನು ಅದರಲ್ಲೇ ಸ್ಕೂಲಿಗೆ ಬಿಡುತ್ತಿದ್ದರು. ಅವರು ಹೋದ ಮೇಲೆ ಕಾರು ಹೊದಿಕೆಯೊಳಗೇ ನಿಂತಿತ್ತು. ಗಿರಿನಗರದ ಮೆಕ್ಯಾನಿಕ್ ಬ್ರೇಕು, ಇಂಜಿನ್ನು ಸರಿಮಾಡಿಕೊಟ್ಟು, “ಸಾರ್, ಗಾಡಿ ಬೆಣ್ಣೆ ಥರ ಇದೆ. ಆದ್ರೆ ಈ ವೈರ್‌ಗಳ ಜಾತಕ ಮಾತ್ರ ನನ್ ಕೈಲಿ ಹೇಳಕ್ಕಾಗಲ್ಲ” ಎಂದು ನಕ್ಕಿದ್ದ. ಮಾವನವರು ಏನು ಕೆಟ್ಟರೂ ಹಳೆಯ ವೈರು ತೆಗೆಯದೆ ಪಕ್ಕದಲ್ಲಿ ಹೊಸದೊಂದು ಎಳೆಸಿದ್ದರು. ಅವುಗಳಲ್ಲಿ ಯಾವುದೋ ಒಂದು ರಾತ್ರಿಯೆಲ್ಲ ಬ್ಯಾಟರಿ ಕುಡಿದು ಖಾಲಿ ಮಾಡುತ್ತಿತ್ತು. ಅದನ್ನು ಹುಡುಕುವುದೇ ಅವತ್ತಿನ ಕೆಲಸ.

ಬ್ಯಾಟರಿಯ ಕನೆಕ್ಷನ್ ಬಿಚ್ಚಿ ಇವರು ಬಾನೆಟ್ಟಿನ ಕಡೆ ನಿಂತರು. ನಾನು ಒಳಗೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಕೂತೆ. ಅವರು ಆ ತುದಿಯನ್ನು ಮೆಲ್ಲಗೆ ಎಳೆಯಬೇಕು, ನನ್ನ ಕೈಯಲ್ಲಿ ಯಾವುದು ಅಲ್ಲಾಡಿತೋ ಅದಕ್ಕೆ ನಾನು ಬ್ಲೌಸ್‌ಪೀಸಿನ ಚೂರೊಂದನ್ನು ಗುರುತಿಗೆ ಕಟ್ಟಬೇಕು.

“ಬಂತೇನೇ?”

“ಬಂತು ರೀ. ಕೆಂಪು.”

“ಅದು ಹಾರ್ನು. ಈಗ?”

“ತಡೀರಿ, ಗಂಟು ಹಾಕ್ತಿದೀನಿ. ನಂಗೇನು ನಾಲ್ಕು ಕೈ ಇದ್ಯಾ?”

ಈ ಎಳೆದಾಟ ನನಗೆ ಹೊಸದಲ್ಲ. ಕೊನೆಯ ವರ್ಷ ಮಾವನವರಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಅವರ ಮಂಚದಿಂದ ನನ್ನ ಅಡುಗೆಮನೆಗೆ ಒಂದು ದಾರ ಕಟ್ಟಿದ್ದೆವು. ಈಳಿಗೆಮಣೆ ಮುಂದೆ ಕೂತಾಗ ಅದರ ತುದಿಯನ್ನು ಕಾಲ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ. ಅವರು ಎರಡು ಸಲ ಎಳೆಯುತ್ತಿದ್ದರು, ಸ್ವಲ್ಪ ಬಿಟ್ಟು ಇನ್ನೊಂದು ಸಲ. ನಾನು ಒಂದು ಸಲ ಎಳೆದರೆ ‘ಬಂದೆ ಮಾವ’ ಎಂದರ್ಥ. ಎಷ್ಟು ಬೇಸರದ ದಿನವೇ ಇರಲಿ, ಜಗ್ಗಿ ಎಳೆದವರಲ್ಲ. ಮೆಲ್ಲಗೇ ಎಳೆಯುತ್ತಿದ್ದರು.

ಬ್ಯಾಟರಿ ಕುಡಿಯುತ್ತಿದ್ದದ್ದು ಎಂದೋ ಕಿತ್ತುಹಾಕಿದ್ದ ರೇಡಿಯೋದ ವೈರು. ಅದನ್ನು ತೆಗೆದ ಮೇಲೆ ಉಳಿದದ್ದು ಒಂದು ಕಪ್ಪು ವೈರು. ಅದರ ಆ ಕಡೆಯ ತುದಿಗೆ ಟೇಪು ಸುತ್ತಿತ್ತು, ಯಾವುದಕ್ಕೂ ಸೇರಿರಲಿಲ್ಲ. ಇವರು ಎಳೆದರು. ನನ್ನ ಕೈಗೆ ಬರಲಿಲ್ಲ. ಇನ್ನಷ್ಟು ಜೋರಾಗಿ ಎಳೆದರು. ಇಲ್ಲ. ವೈರು ತೂರಿಬರುವ ತೂತಿನ ರಬ್ಬರು ಕಲ್ಲಿನಂತಾಗಿ ಅದನ್ನು ಕಚ್ಚಿ ಹಿಡಿದಿತ್ತು.

“ಹಾಳಾಗ್ಲಿ ಬಿಡು. ಬ್ಯಾಟರಿ ಕೊಟ್ಟು ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ತೀನಿ” ಎಂದರು.

ಸೊಂಟ ಹಿಡಿದುಕೊಂಡಿದ್ದರಿಂದ ನಾನು ತಕ್ಷಣ ಏಳಲಿಲ್ಲ. ವೈರು ಇನ್ನೂ ನನ್ನ ಬೆರಳುಗಳ ನಡುವೆಯೇ ಇತ್ತು. ಆಗ ಅದು ಅಲ್ಲಾಡಿತು.

“ಬಂತು ರೀ!” ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಎಳೆಯಿತು. ಎರಡು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಮೆಲ್ಲಗೆ.

ಅದೇ ಹೊತ್ತಿಗೆ ಗೇಟಿನ ಕಡೆಯಿಂದ ಇವರ ನಗು ಕೇಳಿಸಿತು. ಎದುರುಮನೆಯವರ ಹತ್ತಿರ ನಿಂತು, “ಹನ್ನೊಂದಕ್ಕೆಲ್ಲ ಬಂದ್ಬಿಡಿ ಸಾರ್” ಎನ್ನುತ್ತಿದ್ದರು.

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಬಾನೆಟ್ಟಿನ ಹತ್ತಿರ ಯಾರೂ ಇರಲಿಲ್ಲ. ಕಪ್ಪು ವೈರಿನ ತುದಿ ಮಾತ್ರ ಒಂದು ರಬ್ಬರ್ ಪೈಪಿನ ಮೇಲೆ ಬಿದ್ದು ಇನ್ನೂ ಸಣ್ಣಗೆ ನಡುಗುತ್ತಿತ್ತು. ಅದನ್ನು ನಿಲ್ಲಿಸೋಣವೆಂದು ಕೈ ಇಟ್ಟೆ. ಬೆರಳು ಒದ್ದೆಯಾಯಿತು, ಕೂಡಲೇ ತಣ್ಣಗಾಯಿತು. ಫೋನಿನ ಬೆಳಕು ಬಿಟ್ಟು ನೋಡಿದರೆ, ಪೈಪು ಬಿರುಕು ಬಿಟ್ಟು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಕೆಳಗೆ ನೆಲವೂ ನೆನೆದಿತ್ತು.

ಇವರು ಸ್ಪ್ಯಾನರ್ ಹಿಡಿದು ಬಂದರು. “ರೀ, ಬ್ಯಾಟರಿ ಮುಟ್ಟಬೇಡಿ!” ಎಂದು ಕಿರುಚಿದೆ. ನನ್ನ ಕೂಗಿಗೆ ಒಳಗೆ ಮಲಗಿದ್ದ ವಿದ್ಯಾ ಎದ್ದು ಬಂದು, ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಅಯ್ಯೋ, ಏನಿದು ಪೆಟ್ರೋಲ್ ವಾಸನೆ! ಇಷ್ಟು ಹೊತ್ತೂ ಇಲ್ಲೇ ಇದೀರ, ಗೊತ್ತಾಗ್ಲಿಲ್ವಾ ಇಬ್ಬರಿಗೂ?”

ಗೊತ್ತಾಗಿರಲಿಲ್ಲ. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡಿದ ಆ ದೊಡ್ಡ ಜ್ವರದ ಕಾಲದಲ್ಲಿ ನಮ್ಮಿಬ್ಬರಿಗೂ ಹೋದ ವಾಸನೆ ಮತ್ತೆ ಬಂದಿಲ್ಲ. ಪಲ್ಯ ಸೀದದ್ದೂ ಅದಕ್ಕೇ. ಇನ್ನು ಸ್ವಲ್ಪದರಲ್ಲಿ ಒಂದು ಕಿಡಿ ಹಾರುತ್ತಿತ್ತು. ಮಗಳು ಮಲಗಿದ್ದ ಕೋಣೆಯ ಕಿಟಕಿ ಕಾರಿನ ಪಕ್ಕದಲ್ಲೇ ಇದೆ.

ಟ್ಯಾಂಕಿನ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿ ದೂರ ಇಟ್ಟು, ನೆಲ ತೊಳೆದ ಮೇಲೆ ನಡೆದದ್ದನ್ನು ಹೇಳಿದೆ. “ನಿನ್ ಕೈ ಜೋಮು ಹಿಡಿದಿರತ್ತೆ, ಅಷ್ಟೇ ಅಮ್ಮ” ಎಂದಳು ವಿದ್ಯಾ. ಇವರು ನನ್ನನ್ನು ಮತ್ತೆ ಒಳಗೆ ಕೂರಿಸಿ ಆ ವೈರನ್ನು ಎಳೆದು ಎಳೆದು ನೋಡಿದರು. ನನ್ನ ಕೈಗೆ ಏನೂ ಬರಲಿಲ್ಲ.

ಬೆಳಗ್ಗೆ ಮೆಕ್ಯಾನಿಕ್ ಬಂದು ಹೊಸ ಪೈಪು ಹಾಕಿದ. ಮಗಳು ತಾತನ ಕಾರಿನಲ್ಲೇ ಹೋದಳು. ಈಗ ಮೊಮ್ಮಗಳು ಅದರ ಸ್ಟೇರಿಂಗ್ ಹಿಡಿದು ಆಡುತ್ತಾಳೆ. ಕಪ್ಪು ವೈರನ್ನು ನಾವು ತೆಗೆಸಿಲ್ಲ. ಅದು ಯಾತಕ್ಕೆ ಹಾಕಿದ್ದು ಎಂದು ಇವತ್ತಿಗೂ ಯಾರೂ ಹೇಳಿಲ್ಲ. ಅವತ್ತು ಅದನ್ನು ಎಳೆದದ್ದು ಏನು ಎಂದು ನಾನೂ ಹೇಳಲಾರೆ. ಬಿಗಿದಿದ್ದ ರಬ್ಬರು ಸಡಿಲವಾಯಿತು ಎನ್ನೋಣವೆಂದರೆ, ರಬ್ಬರಿಗೆ ಎರಡು ಸಲ, ಬಿಟ್ಟು ಒಂದು ಸಲ ಎಂದು ಹೇಳಿಕೊಟ್ಟವರು ಯಾರು?

ಪೈಪು ಸೋರಿದ ಆ ಸಂಜೆಯೇ, ಎಲ್ಲ ಮುಗಿದು ದೇವರಿಗೆ ದೀಪ ಹಚ್ಚಿದ ಮೇಲೆ ಒಬ್ಬಳೇ ಕಾರಿಗೆ ಹೋದೆ. ಭಯದಲ್ಲಿ ಉತ್ತರ ಕೊಡುವುದನ್ನೇ ಮರೆತಿದ್ದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಕಪ್ಪು ವೈರನ್ನು ಒಂದು ಸಲ ಎಳೆದೆ. ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತಿದ್ದೆ. ಆ ಕಡೆಯಿಂದ ಏನೂ ಬರಲಿಲ್ಲ.

ರಾತ್ರಿ ಅನ್ನ, ಮೆಣಸಿನ ಸಾರು, ಸುಟ್ಟ ಹಪ್ಪಳ. ಸೀದ ಪಲ್ಯವನ್ನೂ ಇವರು ಬಿಡದೆ ತಿಂದರು. ಮೊದಲು ನಿದ್ದೆ ಹೋದವಳು ವಿದ್ಯಾ, ಕಿಟಕಿಯ ಕಡೆ ಮುಖ ಮಾಡಿ. ಆಮೇಲೆ ಇವರು. ಕೊನೆಗೆ ನಾನು.