ಸತ್ತ ಕಾಯಿಯ ಸಂಭ್ರಮ

ಓದುಗರೇ, ಸಕ್ಕರೆ ಹಂಚುವಂಥ ಸುದ್ದಿ: ಇವತ್ತು ಮಧ್ಯಾಹ್ನ ನನ್ನ ಮೊಮ್ಮಗಳು ಗೌರಿ ನನ್ನನ್ನು ಹೊಡೆದಳು! ಗಾಬರಿಯಾಗಬೇಡಿ, ಹೊಡೆದದ್ದು ಚೌಕಾಬಾರದಲ್ಲಿ, ಸತ್ತದ್ದು ನನ್ನ ಹುಣಿಸೆಬೀಜ.

ಶಿವಮೊಗ್ಗೆಯ ಕೋಟೆಯಲ್ಲಿರುವ ನಮ್ಮ ಮನೆಯ ಜಗಲಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಆಡುವ ಈ ಆಟವೇ, ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ದಕ್ಕಿದ ಸಮಸ್ತ ಗಣಿತಶಾಸ್ತ್ರ. ನನ್ನ ಮಗಳೂ ಕೂಡುವುದನ್ನು ಇಲ್ಲೇ ಕಲಿತಳು, ಸೋಲುವುದನ್ನೂ, ಸೋತು ಮತ್ತೆ ಕವಡೆ ಹಿಡಿಯುವುದನ್ನೂ. ಆಮೇಲೆ ತನ್ನ ಗೌರಿಗೆ ಕಲಿಸಿದಳು. ಕಳೆದ ವರ್ಷ ಜ್ವರದಲ್ಲಿ ತೀರಿಕೊಂಡಳು. ಅಂದಿನಿಂದ ಗೌರಿ ಮಾತಾಡಲಿಲ್ಲ, ಅಳಲೂ ಇಲ್ಲ. ಬಾಯಿಬಿಟ್ಟು ಲೆಕ್ಕ ಹೇಳದ ಮಗುವನ್ನು ಮುಂದಿನ ತರಗತಿಗೆ ಹಾಕುವುದು ಹೇಗೆಂದು ಮೇಷ್ಟ್ರು ಕೇಳಿದರು. ನಾನು ಮನೆಗೆ ಬಂದು ಕವಡೆ ಹುಡುಕಿದೆ.

ಅಮ್ಮನ ಒಡೆದ ಬಳೆಯ ಹಸಿರು ಚೂರುಗಳೇ ಗೌರಿಯ ಕಾಯಿಗಳು. ಆಡಿದಳು. ಆದರೆ ಎದುರಾಳಿಯ ಕಾಯಿಯನ್ನು ಒಮ್ಮೆಯಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ, ನಡುಮನೆ ಸೇರಿ ಹಣ್ಣಾಗುವಂತಿಲ್ಲ. ಹೊಡೆಸಿಕೊಂಡು, ಹೊರಟ ಮನೆಗೇ ಮರಳಿದ ಕಾಯಿ ‘ಸತ್ತಿತು’ ಅನ್ನುತ್ತೇವೆ. ಆ ಮಾತೇ ಮಗುವಿಗೆ ನಾಟಿರಬೇಕು. ನನ್ನ ಕಾಯಿ ಸಿಕ್ಕಾಗಲೆಲ್ಲ ಅದನ್ನು ಬಿಟ್ಟು ಹೊರಸುತ್ತಿನಲ್ಲೇ ಪ್ರದಕ್ಷಿಣೆ ಹಾಕುತ್ತಿದ್ದಳು. ಅವಳ ಕಾಯಿ ಕಾಯಿಯಾಗಿಯೇ ಉಳಿಯಿತು. ತಲೆ ನರೆತು ಹಣ್ಣಾದವಳು ನಾನೊಬ್ಬಳೇ.

ಇವತ್ತು ಅವಳಿಗೆ ಮೂರು ಬಿತ್ತು; ಮೂರನೇ ಮನೆಯಲ್ಲಿ ನನ್ನ ಹುಣಿಸೆಬೀಜ ಕೂತಿತ್ತು. ಬೆರಳು ಬಳೆಚೂರಿನ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಸಣ್ಣ ದನಿ: “ಒಂದು, ಎರಡು, ಮೂರು... ಅಜ್ಜಿ, ನಿಂದು ಸತ್ತೋಯ್ತು.”

“ಸಾಯ್ಲಿ ಬಿಡೇ ಮಾರಾಯ್ತಿ! ಮತ್ತೆ ಮನೆಯಿಂದ ಹೊರಡ್ತೀನಿ.”

“ಅಮ್ಮ ಹೊರಡಲ್ವಾ?”

“ಇಲ್ಲ ಪುಟ್ಟಿ. ಅದು ಆಟದಲ್ಲಿ ಮಾತ್ರ.”

ಆಗ ಅತ್ತಳು, ಜಗಲಿ ತುಂಬುವಂತೆ. ನಾನೂ ಅತ್ತೆ, ಎಷ್ಟು ಸಂತೋಷಕ್ಕೆ, ಎಷ್ಟು ಮಗಳಿಗೆ ಎಂದು ವಿಂಗಡಿಸುವ ಲೆಕ್ಕವನ್ನು ಚೌಕಾಬಾರ ನನಗೆ ಕಲಿಸಿಲ್ಲ.

ಸಂಜೆ ಅಳಿಯಂದಿರು ಭದ್ರಾವತಿಯ ಕಾರ್ಖಾನೆಯಿಂದ ಬಂದರು. ಊಟದ ಸಾಲಿನಲ್ಲಿ ಮಗಳು ಕೂರುತ್ತಿದ್ದ ಜಾಗವನ್ನು ಇಷ್ಟು ದಿನ ಅಳಿಯಂದಿರು, ನಮ್ಮ ಯಜಮಾನರು, ನಾನು, ಎಲ್ಲರೂ ಬಿಟ್ಟೇ ಕೂರುತ್ತಿದ್ದೆವು. ಗೌರಿ ತನ್ನ ತಟ್ಟೆ ತಂದು ಅಲ್ಲಿಟ್ಟಳು.

“ಅಪ್ಪಾ, ಅಜ್ಜಿನ ಹೊಡೆದೆ.”

ಅಳಿಯಂದಿರ ಕೈಯಲ್ಲಿ ತುತ್ತು ಹಾಗೇ ನಿಂತಿತು. “ಹಣ್ಣಾಯ್ತಾ ಮಗಳೇ?” ಎಂದರು.

“ಇನ್ನೂ ಇಲ್ಲ. ಒಳಗೆ ಬಂದಿದೀನಿ.”

ನಮ್ಮ ಯಜಮಾನರು ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದರು. ಎಲ್ಲರಿಗೂ ಸಾರು ಬಡಿಸಿ, ಸತ್ತ ಕಾಯಿಯಾದ ನಾನೂ ನನ್ನ ಮನೆಯಲ್ಲಿ ಕೂತು ತುತ್ತು ಎತ್ತಿದೆ.