ಹಾರದ ಜೊತೆ ಬಂದ ಕುತ್ತಿಗೆ

ಆ ಸಿನಿಮಾದಲ್ಲಿ ನನ್ನದು ಕಂಟಿನ್ಯೂಟಿ ಬರೆಯುವ ಕೆಲಸ. ಯಾವ ಶಾಟ್‌ನಲ್ಲಿ ಶಾಲು ಯಾವ ಹೆಗಲ ಮೇಲಿತ್ತು, ಕಾಫಿ ಲೋಟ ಎಷ್ಟು ಖಾಲಿಯಾಗಿತ್ತು ಎಂದು ತಾರೀಖು ಹಾಕಿ ಗುರುತು ಮಾಡಿಕೊಳ್ಳಬೇಕು. ದಿನಚರಿ ಬರೆಯುವ ಅಭ್ಯಾಸವಿದ್ದದ್ದರಿಂದ ಕಷ್ಟವಾಗಲಿಲ್ಲ.

ನಿರ್ದೇಶಕಿ ಆನೆಕೊಂಡದವರು, ಕಾಲೇಜಿನಲ್ಲಿ ನನಗಿಂತ ಹಿರಿಯರು. ಇದು ಅವರ ಮೊದಲ ಸಿನಿಮಾ. ಅದರ ಕಥೆ ಇಷ್ಟು: ಊರಿನ ಗಣ್ಯರೊಬ್ಬರಿಗೆ ಸನ್ಮಾನದ ಹುಚ್ಚು. ಪ್ರತಿ ಸನ್ಮಾನಕ್ಕೂ ಅವರ ಕುತ್ತಿಗೆ ಒಂದಿಷ್ಟು ಉದ್ದವಾಗುತ್ತದೆ, ಹುಣ್ಣಾಗುತ್ತದೆ, ಹೊದಿಸಿದ ಶಾಲು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಜನ ಹೆದರುವುದಿಲ್ಲ. ಮುಂದಿನ ಸಲ ಇನ್ನೂ ದೊಡ್ಡ ಹಾರ ತರುತ್ತಾರೆ.

ಗಣ್ಯರ ಪಾತ್ರ ಮಾಡಿದ್ದು ನಿರ್ದೇಶಕಿಯ ಸೋದರಮಾವ. ಹರಿಹರದ ಸಂಘಗಳಲ್ಲಿ ಅಧ್ಯಕ್ಷರಾಗಿ ನಿಜಕ್ಕೂ ಬೇಕಾದಷ್ಟು ಹಾರ ಹಾಕಿಸಿಕೊಂಡವರು. ರಬ್ಬರಿನ ಕುತ್ತಿಗೆಯನ್ನು ನಾಟಕ ಕಂಪನಿಗಳಿಗೆ ಮೇಕಪ್ ಮಾಡುತ್ತಿದ್ದ ಚಾಚಾ ತಯಾರಿಸಿದ್ದರು. ಗುಳ್ಳೆಗಳಿಗೆ ಮಂಡಕ್ಕಿ ಅಂಟಿಸಿ ಮೇಲೆ ರಬ್ಬರ್ ಬಳಿದಿದ್ದರು. ಅದನ್ನು ಹತ್ತಿರದಿಂದ ನೋಡಿದ ನಾವ್ಯಾರೂ ಅಂದು ಸಂಜೆ ಮಂಡಕ್ಕಿ ಮುಟ್ಟಲಿಲ್ಲ. ಅಚ್ಚು ಒಡೆದುಹೋಗಿ ಒಂದೇ ಕುತ್ತಿಗೆ ಉಳಿದಿತ್ತು. ಹರಿಹರದಲ್ಲಿ ತೆಗೆಯಬೇಕಿದ್ದ ಸನ್ಮಾನ ಸಭೆಯ ದೃಶ್ಯವೂ, ಮರುದಿನ ಕೊನೆಯ ದೃಶ್ಯವೂ ಅದರಲ್ಲೇ ಆಗಬೇಕಿತ್ತು.

ಕಲ್ಯಾಣ ಮಂಟಪದಲ್ಲಿ ಸಭಿಕರಾಗಿ ಕೂತವರು ಪಕ್ಕದ ಗುತ್ತೂರಿನ ಜನ. ಹೂವು ಬಾಡದಿರಲೆಂದು ತಾಲೀಮಿನಲ್ಲಿ ಹಾರದ ಬದಲು ಟವೆಲ್ ಹಾಕಿದೆವು. ಎಲ್ಲ ಸರಿಯಾಗಿ ನಡೆಯಿತು. ಶಾಟ್‌ಗೆ ಮೊದಲು ನಿರ್ದೇಶಕಿ ಇನ್ನೊಮ್ಮೆ ಎಚ್ಚರಿಸಿದರು.

"ಹಾರ ಮಾತ್ರ ತೆಗೀಬ್ಯಾಡ್ರಿ ಮಾಮ. ಇನ್ನೊಂದು ಕುತ್ತಿಗೆ ಇಲ್ಲ."

"ಹಾರ ಹಾಕಿಸ್ಕಳ್ಳೋದು ನಂಗೇ ಹೇಳಿಕೊಡ್ತೀಯೇನವ್ವ?"

ಕ್ಯಾಮೆರಾ ಓಡಿತು. ನಿಜವಾದ ಹಾರ ಬಿತ್ತು. ಹಾರ ಬಿದ್ದ ತಕ್ಷಣ ತೆಗೆದು ಮೇಜಿನ ಮೇಲಿಡುವುದು ನಮ್ಮಲ್ಲಿ ವಿನಯ. ಹಾಕಿಕೊಂಡೇ ಕೂತವರನ್ನು ಜನ ಆಡಿಕೊಳ್ಳುತ್ತಾರೆ. ಟವೆಲ್‌ಗೆ ಸುಮ್ಮನಿದ್ದ ಮಾಮನ ಕೈ, ಹೂವಿನ ತಂಪು ತಗುಲುತ್ತಲೇ ತಾನಾಗಿ ಮೇಲೆದ್ದಿತು. ಹಾರದ ದಾರ ಗುಳ್ಳೆಗಳಿಗೆ ಸಿಕ್ಕಿಕೊಂಡಿತ್ತು. ಎಡಗಿವಿಯ ಕೆಳಗಿನಿಂದ ಕುತ್ತಿಗೆಯ ಚರ್ಮ ಹಾರದ ಜೊತೆಯೇ ಕಿತ್ತುಬಂತು.

ಮಾಮ ಕೈಯಲ್ಲಿದ್ದದ್ದನ್ನು ನೋಡಿದರು. ಏನು ಮಾಡಬೇಕೆಂದು ತೋಚಲಿಲ್ಲವೇನೋ, ಅದನ್ನು ಹಾರದ ಸಮೇತ ಮೇಜಿನ ಮೇಲೆ ಒಪ್ಪವಾಗಿಟ್ಟು ಸಭೆಗೆ ಕೈಮುಗಿದರು. ಗುತ್ತೂರಿನವರು ರೂಢಿಯಂತೆ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆಯೇ ನಿರ್ದೇಶಕಿ ಕಟ್ ಹೇಳಿದ್ದು. ಚಾಚಾ ಹರಿದ ರಬ್ಬರನ್ನು ತಿರುಗಿಸಿ ನೋಡಿ, ಇದನ್ನು ಕೂಡಿಸಲಾಗದು ಎಂದರು. ಮಾಮ ಕುರ್ಚಿಯಿಂದ ಏಳಲಿಲ್ಲ.

"ನಿನ್ ಸಿನಿಮಾ ಕೆಡಿಸಿಬಿಟ್ನಲ್ಲವ್ವ."

ಆಕೆ ಮಾನಿಟರ್‌ನಲ್ಲಿ ಆ ಶಾಟನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಬಂದು ಮಾಮನ ಪಕ್ಕ ಕೂತರು.

"ನಾಳೆ ಶೂಟಿಂಗ್ ಬ್ಯಾಡ ಮಾಮ. ಇಲ್ಲಿಗೇ ಮುಗಿಸ್ತೀನಿ. ನಾನು ಬರ್ದಿದ್ದು ಇದರ ಮುಂದೆ ಏನೂ ಅಲ್ಲ."

ಸಮಾಧಾನಕ್ಕೆ ಹೇಳುತ್ತಿದ್ದಾಳೆಂದೇ ಮಾಮ ತಿಳಿದರು. ಮರುದಿನದ ದೃಶ್ಯಗಳಿಗೆ ನಾನು ಅಡ್ಡಗೆರೆ ಎಳೆದೆ.

ದಾವಣಗೆರೆಯಲ್ಲಿ ಮೊದಲ ಪ್ರದರ್ಶನ. ಚರ್ಮ ಮೇಜಿಗೆ ಬಂದಾಗ ಜನ ನಕ್ಕರು, ಮಾಮ ಕೈಮುಗಿದಾಗ ನಗು ನಿಂತಿತು. ಸೋದರಸೊಸೆ ಅಂದು ಹೇಳಿದ್ದು ಬರೀ ಸಮಾಧಾನಕ್ಕಲ್ಲವೆಂದು ಆಗ ಹೊಳೆದು, ಮಾಮ ಆಕೆಯ ಕಡೆ ತಿರುಗಿ ನೋಡಿದರು. ಸಿನಿಮಾ ಮುಗಿದ ಮೇಲೆ ಸಂಘಟಕರು ಮಾಮನನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಕೈ ಕೊರಳವರೆಗೆ ಹೋಯಿತು. ಈ ಸಲವೂ ಚರ್ಮ ಕಿತ್ತುಬರುತ್ತದೇನೋ ಎಂಬಂತೆ ಇಡೀ ಸಭೆ ಆ ಕೈಯನ್ನೇ ನೋಡುತ್ತಿತ್ತು.

ಮಾಮ ಕೈ ಇಳಿಸಿ, ಭಾಷಣಗಳೆಲ್ಲ ಮುಗಿಯುವವರೆಗೂ ಹಾರ ಹಾಕಿಕೊಂಡೇ ಕೂತರು.