ಒಂಬತ್ತನೆಯ ಬೆಸುಗೆ

ಬೆಳಿಗ್ಗೆ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ತಗಡಿನ ಶೆಡ್ಡಿನೊಳಗೆ ತರಕಾರಿ ಸಾಗಿಸುವ ಡೀಸೆಲ್ ಪಿಕಪ್ ಒಂದು ಗುಂಡಿಯ ಮೇಲೆ ನಿಂತಿದೆ. ಗುಂಡಿಯಿಂದ ಮೇಲೆದ್ದ ಎರಡು ಕೈ ಮಾತ್ರ ಕಾಣುತ್ತವೆ. ಎಡಗೈಯಲ್ಲಿ ವೆಲ್ಡಿಂಗ್ ಹಿಡಿಕೆ, ಬಲಗೈಯಲ್ಲಿ ಅಂಗೈಯಗಲದ ಕನ್ನಡಿ. ಗಾಡಿಯ ತಳಕ್ಕೂ ಹೊಗೆ ಹೋಗುವ ಪೈಪಿಗೂ ನಡುವೆ ಇರುವುದು ಮೂರು ಬೆರಳಿನ ಜಾಗ. ಅಲ್ಲಿ ತಲೆ ತೂರುವುದಿಲ್ಲ, ಕಣ್ಣು ಹಾಯುವುದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು, ಎಡ ಕಂಡರೆ ಬಲ ಎಂದುಕೊಂಡು ಬೆಸೆಯಬೇಕು. ಕಿಡಿಯೊಂದು ಮಣಿಕಟ್ಟಿನ ಮೇಲೆ ಬೀಳುತ್ತದೆ. ಕೈ ಅಲುಗುವುದಿಲ್ಲ.

“ಇರಿ, ಮೇಲ್ಗಡೆ ಮುಗೀಲಿ. ಆಮೇಲೆ ಎಷ್ಟು ಬೇಕಾದ್ರೂ ಮಾತಾಡೋಣ” ಎಂದು, ಪತ್ರಿಕೆಗೆ ಬರೆಯಲು ಹೋದ ನಮಗೆ ಗುಂಡಿಯೊಳಗಿಂದ ದನಿ ಕೇಳುತ್ತದೆ.

ದನಿ ಸೈಲೆನ್ಸರ್ ಅಕ್ಕನದು. ವಯಸ್ಸು ನಲವತ್ತಾರು. ಡ್ರೈವರುಗಳು ಇಟ್ಟ ಹೆಸರು ಇದು. ಮನೆಯವರೂ ಈಗ ಹಾಗೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಈಕೆ ಮಾಡುತ್ತಿರುವುದು ಒಂದೇ ಕೆಲಸ: ಹೊರೆ ಹೊತ್ತು ಏರು ಹತ್ತುವಾಗ ಏದುಸಿರು ಬಿಡುವ ಪಿಕಪ್‌ಗಳಿಗೆ ಸರಾಗ ಉಸಿರು ಕೊಡುವುದು. ಕಂಪನಿ ಕೊಟ್ಟ ಕಿರಿದಾದ, ತಿರುವಿನಲ್ಲೆಲ್ಲ ಜಜ್ಜಿಹೋದ ಪೈಪನ್ನು ಕಿತ್ತು, ಅಗಲವಾದದ್ದನ್ನು ಮೆತ್ತಗೆ ಬಾಗಿಸಿ ಕೂರಿಸುತ್ತಾರೆ. ಒಳ್ಳೆಯ ಸೈಲೆನ್ಸರ್ ಹಾಕಿ, ನಡುಕ ತಡೆಯಲು ಅಲ್ಲಲ್ಲಿ ರಬ್ಬರಿನಿಂದ ತೂಗುಹಾಕುತ್ತಾರೆ. ಮಸಿ ಸೋಸುವ ಡಬ್ಬಿಯನ್ನು ಮಾತ್ರ ತೆಗೆಯುವುದಿಲ್ಲ. ಅದನ್ನು ತೆಗೆದರೆ ಗಾಡಿ ಜೋರಾಗಿ ಗುಡುಗುತ್ತದೆ ಎಂದು ಆಸೆಪಟ್ಟು ಬರುವ ಶೋಕಿಲಾಲರಿಗೆ ಇಲ್ಲಿ ಬೈಗುಳ ಪುಕ್ಕಟೆ. “ನಿಮ್ಮ ಗಾಡಿ ಉಗುಳೋದನ್ನ ಹಿಂದೆ ಬರೋ ಮಕ್ಕಳು ಯಾಕೆ ನುಂಗಬೇಕು?” ಎಂದು ಕೇಳಿ ವಾಪಸು ಕಳಿಸುತ್ತಾರೆ.

ಕೆಲಸ ಕಲಿಸಿದ್ದು ಮಾವ, ಅಂದರೆ ಗಂಡನ ತಂದೆ. ಈಗ ಎಪ್ಪತ್ತು ದಾಟಿದ ಅವರು ಶೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ಕೂತು ಹಳೆಯ ನಟ್ಟು, ರಬ್ಬರು ಆರಿಸುತ್ತಾರೆ. ಸೊಸೆ ಬಂದ ಹೊಸದರಲ್ಲಿ ಒಲೆ ಮೇಲಿಟ್ಟದ್ದೆಲ್ಲ ಸೀದುಹೋಗುತ್ತಿತ್ತಂತೆ. “ಇವಳಿಗೂ ಬೆಂಕಿಗೂ ಏನೋ ಹಗೆ ಇದೆ, ಅದನ್ನ ಶೆಡ್ಡಲ್ಲೇ ತೀರಿಸ್ಕೊಳ್ಳಲಿ ಅಂತ ಕರ್ಕೊಂಡು ಬಂದೆ” ಎನ್ನುತ್ತಾರೆ. ಸೊಸೆ ಆ ಮಾತು ಕೇಳಿ ಕೇಳಿ ಸಾಕಾಗಿ, ಈಗ ನಗುವುದೂ ಇಲ್ಲ.

ಮಾವ ಕಲಿಸಿದ ಮೊದಲ ಪಾಠ ಬೆಸುಗೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದು. ಮಿಕ್ಕವರು ಪೈಪಿನ ಕೆಳಭಾಗದಿಂದ, ಕೈಗೆ ಸಲೀಸಾಗಿ ಸಿಗುವ ಕಡೆಯಿಂದ ಶುರು ಮಾಡುತ್ತಾರೆ. ಮೇಲ್ಭಾಗಕ್ಕೆ ಬರುವಷ್ಟರಲ್ಲಿ ಕೈ ಸೋತಿರುತ್ತದೆ, ಅಲ್ಲಿ ಯಾರೂ ನೋಡುವುದೂ ಇಲ್ಲ. ಈ ಶೆಡ್ಡಿನಲ್ಲಿ ಶುರು ಯಾವಾಗಲೂ ಮೇಲಿಂದ. ಬೆಸುಗೆ ಶುರುವಾದ ಜಾಗದಲ್ಲಿ ಕಾಳಿನಷ್ಟು ದಪ್ಪದ ಒಂದು ಗಂಟು ಉಳಿಯುತ್ತದೆ. ಸೈಲೆನ್ಸರ್ ಅಕ್ಕ ಹಾಕಿದ ಪ್ರತಿ ಬೆಸುಗೆಯಲ್ಲೂ ಆ ಗಂಟು ಪೈಪಿನ ನೆತ್ತಿಯ ಮೇಲೇ ಇರುತ್ತದೆ.

ಒಂದು ಗಾಡಿಗೆ ಏಳೋ ಎಂಟೋ ಬೆಸುಗೆ. ಈ ಚಳಿಗಾಲದವರೆಗೆ ದಿನಕ್ಕೆ ಎರಡು ಗಾಡಿ. ಐದಾರು ಗಂಟೆ ಕತ್ತು ಮೇಲೆತ್ತಿ ಗುಂಡಿಯಲ್ಲಿ ನಿಲ್ಲಬೇಕು. ಸಂಜೆಯ ಹೊತ್ತಿಗೆ ಎಡಗೈ ಹೆಗಲಿನಿಂದ ಮೇಲೆ ಏಳುವುದಿಲ್ಲ. ಜಡೆ ಹಾಕಿಕೊಡುವ ಕೆಲಸ ಹೊಲಿಗೆ ಅಂಗಡಿಯಿಂದ ಬರುವ ಗಂಡನದು. ಇಷ್ಟೆಲ್ಲ ಮಾಡಿದ ಗಾಡಿಯ ಮೇಲೆ ಈಕೆಯ ಗುರುತು ಎಲ್ಲಾದರೂ ಇದೆಯೇ ಎಂದರೆ, ಇಲ್ಲ. ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಗ್ಯಾರೇಜೊಂದಿದೆ. ಗಿರಾಕಿ ಗಾಡಿ ಬಿಡುವುದು ಅಲ್ಲಿ, ತಂಪು ಕೋಣೆಯಲ್ಲಿ ಕೂರುವುದು ಅಲ್ಲಿ. ಗಾಡಿ ಮಾತ್ರ ಹಿಂದಿನ ಗೇಟಿನಿಂದ ಸದ್ದಿಲ್ಲದೆ ಈ ಓಣಿಗೆ ಬರುತ್ತಿತ್ತು. ಕೆಲಸ ಮುಗಿದು ಹೋದ ಮೇಲೆ ಅದರ ಮೇಲೆ ಗ್ಯಾರೇಜಿನ ಮಿರುಗುವ ಸ್ಟಿಕ್ಕರ್ ಬೀಳುತ್ತಿತ್ತು, ವಾಹನ ತಪಾಸಣಾ ಕಚೇರಿಯ ಕಾಗದಕ್ಕೆ ಗ್ಯಾರೇಜಿನ ಮುದ್ರೆ ಬೀಳುತ್ತಿತ್ತು. ವರ್ಷಗಟ್ಟಲೆ ಈಕೆ ಇದರ ಬಗ್ಗೆ ಚಕಾರ ಎತ್ತಲಿಲ್ಲ. ಕೆಲಸ ಸಿಗುತ್ತಿದೆಯಲ್ಲ ಎಂದು ಸುಮ್ಮನಿದ್ದರು.

ಈ ವರ್ಷದ ಚಳಿಗಾಲದಲ್ಲಿ ಆ ಮುದ್ರೆಯ ಬಣ್ಣ ಬಯಲಾಯಿತು. ಈ ಓಣಿಗೂ ಬ್ರೆಡ್ ತರುವ, ಅಕ್ಕನ ಗುರುತಿದ್ದ ಗಂಡ ಹೆಂಡತಿಯ ಪಿಕಪ್ ಗ್ಯಾರೇಜಿನ ಮೂಲಕ ಬಂದಿತ್ತು; ಅದಕ್ಕೆ ಅಕ್ಕ ಹೊಸ ಪೈಪು, ಹೊಸ ಸೈಲೆನ್ಸರ್ ಹಾಕಿ ಕಳಿಸಿದ್ದರು. ಇಪ್ಪತ್ತು ದಿನದ ಮೇಲೆ, ಮುಂಜಾನೆ, ಚಳಿಗೆ ಗಾಜು ಏರಿಸಿಕೊಂಡು ಹೋಗುತ್ತಿದ್ದಾಗ ಹೆಂಡತಿಗೆ ತಲೆ ಸಿಡಿದು ವಾಂತಿಯಾಯಿತು. ಹಿಂದೆಯೇ ಎಚ್ಚರ ತಪ್ಪಿತು. ಗಂಡನಿಗೂ ಕಣ್ಣು ಕತ್ತಲೆ ಬಂದು, ಹೇಗೋ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ಬಾಗಿಲು ತೆರೆದ. ಗೇರಿನ ಕೋಲಿನ ಬುಡದಿಂದ ಹೊಗೆ ಒಳಗೆ ನುಸುಳುತ್ತಿತ್ತು. ಇಬ್ಬರೂ ಉಳಿದದ್ದೇ ಹೆಚ್ಚು.

ಗ್ಯಾರೇಜಿನ ಮಾಲೀಕ ಮಧ್ಯಾಹ್ನದೊಳಗೆ ತಪಾಸಣಾ ಕಚೇರಿಗೆ ಪತ್ರ ಬರೆದು ಕೈತೊಳೆದುಕೊಂಡ. ಕೆಲಸ ಹೊರಗಿನ ಬೆಸುಗೆಗಾರ್ತಿಯದು, ನಮ್ಮದಲ್ಲ. ಅಷ್ಟು ವರ್ಷ ಇಲ್ಲದ ಬೆಸುಗೆಗಾರ್ತಿ ಒಂದೇ ದಿನದಲ್ಲಿ ಹುಟ್ಟಿಕೊಂಡಳು! ಮರುದಿನ ಶೆಡ್ಡಿನ ಬಾಗಿಲಿಗೆ ನೋಟಿಸು ಅಂಟಿತು: ವಿಚಾರಣೆ ಮುಗಿಯುವವರೆಗೆ ಯಾವ ವಾಹನವನ್ನೂ ಮುಟ್ಟುವಂತಿಲ್ಲ. “ಚೆನ್ನಾಗಾದ್ರೆ ಗ್ಯಾರೇಜಿಂದು, ಕೆಟ್ಟರೆ ನಂದು” ಎನ್ನುತ್ತಾರೆ ಅಕ್ಕ. ಕೇಳುವವರಿಗೂ ಮೈ ಉರಿಯಬೇಕಾದ ಮಾತು ಇದು.

ಆದರೆ ಅಕ್ಕನನ್ನು ಕುಗ್ಗಿಸಿದ್ದು ನೋಟಿಸಲ್ಲ. ಹೊಗೆ ನುಗ್ಗಿದ ದಿನವೇ ಅವರು ಆಸ್ಪತ್ರೆಗೆ ಓಡಿದ್ದರು. ಬ್ರೆಡ್ಡಿನವನು ಮುಖ ತಿರುಗಿಸಿ ಕೂತ. ಹಾಸಿಗೆಯಲ್ಲಿದ್ದ ಅವನ ಹೆಂಡತಿ ಒಂದೇ ಮಾತು ಹೇಳಿದಳು: “ನಿಮ್ಮನ್ನ ನಂಬಿ ಕೂತಿದ್ವಿ, ಅಕ್ಕಾ.” ತನ್ನದೇ ತಪ್ಪಿರಬಹುದೇ ಎಂಬ ಅನುಮಾನ ಅಕ್ಕನೊಳಗೂ ಆಗಲೇ ಹೊಕ್ಕಿತ್ತು. ಬಾಗಿಲು ಹಾಕಿದ ಶೆಡ್ಡಿನಲ್ಲಿ ನಲವತ್ತೊಂದು ದಿನ ಕೂತು, ಆ ಗಾಡಿಯ ಎಂಟೂ ಬೆಸುಗೆಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹಾಕಿ ನೋಡಿದರು. ಎಲ್ಲೂ ತಪ್ಪು ಸಿಗದಿದ್ದಾಗ ಹೆಚ್ಚು ಹೆದರಿಕೆಯಾಯಿತಂತೆ.

ವಿಚಾರಣೆಯ ದಿನ ಗಾಡಿ ಕಚೇರಿಯ ಅಂಗಳದಲ್ಲೇ ನಿಂತಿತ್ತು. ಅದರ ಪೈಪಿನ ಮೇಲ್ಭಾಗ ನೋಡುವ ವಿಚಾರ ಯಾರ ತಲೆಗೂ ಬಂದಿರಲಿಲ್ಲ! ಮೇಜಿನ ಮೇಲೆ ಫೋಟೋಗಳಿದ್ದವು, ಎಲ್ಲವೂ ಕೆಳಗಿನಿಂದ ತೆಗೆದವು. ಒಮ್ಮೆ ಗಾಡಿ ನೋಡೋಣ ಬನ್ನಿ ಎಂದು ಅಕ್ಕ ಕೇಳಿಕೊಂಡರೆ, ಫೋಟೋ ಇದೆಯಲ್ಲಮ್ಮ ಎಂದು ಅಧಿಕಾರಿ ಮೂಗು ಮುರಿದರು. ಮಾಲೀಕ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಕ್ಕ ಹೊರಗೆ ನಡೆದು, ಅಂಗಳದ ಮಣ್ಣಲ್ಲಿ ಅಂಗಾತ ಮಲಗಿ, ಗಾಡಿಯ ಕೆಳಗೆ ಜರುಗಿಕೊಂಡರು.

ಬೆರಳಲ್ಲಿ ಮುಟ್ಟುತ್ತಾ ಎಣಿಸಿದರು. ಆಮೇಲೆ ಕೆಳಗಿನಿಂದಲೇ ಹೇಳಿದರು, “ಸಾರ್, ನಾನು ಹಾಕಿದ್ದು ಎಂಟು. ಇಲ್ಲಿ ಒಂಬತ್ತಿದೆ.”

ಆಗ ಅಧಿಕಾರಿ ಎದ್ದು ಬರಲೇಬೇಕಾಯಿತು. ಇಸ್ತ್ರಿ ಮಾಡಿದ ಅಂಗಿಯಲ್ಲೇ ಅವರೂ ಕೆಳಗೆ ತೂರಿದರು. ಅಕ್ಕ ಜೊತೆಗೆ ತಂದಿದ್ದ ಕನ್ನಡಿ ಹಿಡಿದು ಒಂದೊಂದೇ ಬೆಸುಗೆಯ ನೆತ್ತಿ ತೋರಿಸಿದರು. ಎಂಟರಲ್ಲೂ ಗಂಟು ಮೇಲಿತ್ತು. ಡ್ರೈವರ್ ಕೂರುವ ಜಾಗದ ನೇರ ಕೆಳಗಿದ್ದ ಒಂಬತ್ತನೆಯದರಲ್ಲಿ ಗಂಟು ಕೆಳಗಿತ್ತು. ಅದರ ಮೇಲ್ಭಾಗಕ್ಕೆ ಬೆಸುಗೆಯೇ ಇರಲಿಲ್ಲ; ಬೆರಳುದ್ದದ ಬಿರುಕಿನ ಸುತ್ತ ಮಸಿ ಕಟ್ಟಿತ್ತು. ನಡೆದದ್ದು ಇಷ್ಟೇ. ಶೆಡ್ಡಿನಿಂದ ಗಾಡಿ ಹೋದ ಮೇಲೆ ಗ್ಯಾರೇಜಿನವರು ಕ್ಯಾಬಿನ್ನಿನ ಪಕ್ಕಕ್ಕೆ ಕಾಲಿಟ್ಟು ಹತ್ತಲು ಕಬ್ಬಿಣದ ಮೆಟ್ಟಿಲು ಹಾಕಿದ್ದರು. ಅದಕ್ಕೆ ಪೈಪು ಅಡ್ಡ ಬಂತು. ಪೈಪನ್ನು ಕತ್ತರಿಸಿ, ಒಂಚೂರು ತಿರುಗಿಸಿ, ಕಣ್ಣಿಗೆ ಬೀಳುವಷ್ಟು ಭಾಗಕ್ಕೆ ಮಾತ್ರ ಬೆಸುಗೆ ಹಾಕಿ ಕೈಬಿಟ್ಟಿದ್ದರು. ಎರಡು ಜೀವಕ್ಕಿಂತ ಅವರಿಗೆ ಹತ್ತು ನಿಮಿಷದ ಕೆಲಸ ದೊಡ್ಡದಾಗಿತ್ತು.

ಕೊನೆಗಾದರೂ ನ್ಯಾಯ ಸಿಕ್ಕಿತು ಎಂದುಕೊಳ್ಳಬೇಡಿ. ವರದಿಯಲ್ಲಿ ಬರೆದದ್ದು ‘ತಾಂತ್ರಿಕ ದೋಷ, ಪ್ರಕರಣ ಮುಕ್ತಾಯ’ ಎಂದು. ದೋಷ ಯಾರದ್ದೆಂದು ಇಲ್ಲ. ಪೈಪನ್ನು ತಾನೇ ಕತ್ತರಿಸಿಕೊಂಡು, ತಾನೇ ಅರ್ಧ ಬೆಸೆದುಕೊಂಡು, ದೋಷ ತಾನಾಗಿ ಬಂತು ನೋಡಿ! ಶೆಡ್ಡು ತೆರೆಯಬಹುದು ಎಂದು ಫೋನಿನಲ್ಲಿ ಹೇಳಿದರು. ಗ್ಯಾರೇಜಿನ ಮುದ್ರೆಗೆ ಕೂದಲೂ ಕೊಂಕಲಿಲ್ಲ. ಕಡತದ ಮೊದಲ ಪುಟದಲ್ಲಿ ‘ಹೊರಗಿನ ಬೆಸುಗೆಗಾರ್ತಿಯ ಅಜಾಗರೂಕತೆಯ ಶಂಕೆ’ ಎಂಬ ಸಾಲು ಇವತ್ತಿಗೂ ಇದೆ. ಅದರ ಕೆಳಗೆ ನಿಜವನ್ನೂ ಬರೆಯಿರಿ ಎಂದು ಅಕ್ಕ ಮೂರು ಸಲ ಹೋಗಿ ಕೇಳಿದರು. ನಮೂನೆಯಲ್ಲಿ ಅಂಥದ್ದಕ್ಕೆ ಜಾಗವಿಲ್ಲ ಎಂದು ಗುಮಾಸ್ತ ಮೂರು ಸಲವೂ ಕಳಿಸಿದ. ಗೂಬೆ ಕೂರಿಸಲು ಜಾಗವಿದೆ, ಇಳಿಸಲು ಜಾಗವಿಲ್ಲ.

ಬ್ರೆಡ್ಡಿನ ದಂಪತಿ ಬಂದು, ಆ ಪೈಪನ್ನು ಅಕ್ಕನ ಕೈಯಲ್ಲೇ ಸರಿಮಾಡಿಸಿಕೊಂಡು ಹೋದರು. ಹೆಂಡತಿ ಗುಂಡಿಯ ಪಕ್ಕ ಕೂತು ಕೆಲಸ ಮುಗಿಯುವವರೆಗೆ ದೀಪ ಹಿಡಿದಳು. ಹಿಂದಿನ ಗೇಟಿನಿಂದ ಬರುವ ಗಾಡಿಗಳನ್ನು ಅಕ್ಕ ಈಗ ಮುಟ್ಟುವುದಿಲ್ಲ. ನೇರವಾಗಿ ಬರುವವರದ್ದು ಮಾತ್ರ. ದಿನಕ್ಕೆ ಎರಡು ಬರುತ್ತಿದ್ದ ಗಾಡಿ ವಾರಕ್ಕೆ ಮೂರಾಗಿದೆ. ಕೆಲವರು ಓಣಿಯ ತುದಿಯವರೆಗೆ ಬಂದು, ಹೊಗೆ ನುಗ್ಗಿತ್ತಲ್ಲ, ಆ ಗಾಡಿ ಮಾಡಿದ್ದು ಇವರೇ ತಾನೇ ಎಂದು ಅಂಗಡಿಯವನನ್ನು ಕೇಳಿ, ಹಾಗೇ ತಿರುಗಿಸಿಕೊಂಡು ಹೋಗುತ್ತಾರೆ. ಅದು ಶೆಡ್ಡಿನೊಳಕ್ಕೆ ಕೇಳಿಸುತ್ತದೆ.

ಏಳು ಗಂಟೆಯ ಹೊತ್ತಿಗೆ ತರಕಾರಿ ಗಾಡಿಯ ಕೊನೆಯ ಬೆಸುಗೆ ಮುಗಿಯುತ್ತದೆ. ಅಕ್ಕ ಗುಂಡಿಯಿಂದ ಹತ್ತಿ ಬಂದು, ಕೈ ಒರೆಸಿಕೊಂಡು, ಮಾವ ಸರಿಸಿಕೊಟ್ಟ ಸ್ಟೂಲಿನ ಮೇಲೆ ಕೂರುತ್ತಾರೆ. ಮಾವನಿಗೆ ಇನ್ನೂ ಸಿಟ್ಟಿದೆ. ಗ್ಯಾರೇಜಿನವನನ್ನು ಚೆನ್ನಾಗಿ ಜಾಡಿಸಿ ಬರೆಯಿರಿ ಎಂದು ಅವರ ಒತ್ತಾಯ. ಪತ್ರಿಕೆಯಲ್ಲಿ ಏನು ಬರಬೇಕು ಎಂದು ಅಕ್ಕನನ್ನು ಕೇಳಿದರೆ, ಕನ್ನಡಿಯ ಮಸಿ ಒರೆಸುತ್ತಾ ಹೇಳುತ್ತಾರೆ:

“ನನ್ನನ್ನ ಹೊಗಳಿ ಏನೂ ಬರೀಬೇಡಿ. ಅವರ ಕಾಗದದಲ್ಲಿ ಜಾಗ ಇಲ್ಲ ಅಂದ್ರು. ನಿಮ್ಮದರಲ್ಲಿ ಇದ್ರೆ ಒಂದೇ ಒಂದು ಸಾಲು ಹಾಕಿ, ಒಂಬತ್ತನೇ ಬೆಸುಗೆ ನಂದಲ್ಲ ಅಂತ.”